ತೊಗರಿಯನ್ನು ಹಸಿ ಕಾಳಾಗಿಯೇ ತಿನ್ನಬೇಕು

ನಾನು ತೊಗರಿ ಬೆಳೆಯುವುದು ಬೇಳೆಗಲ್ಲ, ಹಸಿ ಕಾಳಿಗೆ. ಕೈತೋಟದ ಏಳೆಂಟು ಗಿಡಗಳಿಂದ ಎಷ್ಟು ಬೇಳೆ ಬರುತ್ತದೆ? ಹಸಿ ಕಾಳಾದರೆ ವಾರಗಟ್ಟಲೆ ತಿನ್ನಬಹುದು.

ಮೊದಲ ವರ್ಷ ತಗ್ಗಿನ ಪಾತಿಯಲ್ಲಿ ಬಿತ್ತಿದ್ದೆ. ಮಳೆ ನೀರು ನಿಂತು ಆರರಲ್ಲಿ ನಾಲ್ಕು ಗಿಡ ಹೋದವು. ತೊಗರಿ ಬರವನ್ನು ತಡೆಯುತ್ತದೆ, ನಿಂತ ನೀರನ್ನಲ್ಲ. ಈಗ ಮಣ್ಣು ಏರಿಸಿ, ಮೂರು ಅಡಿಗೊಂದು ಗುಣಿ ಮಾಡಿ, ಎರಡೆರಡು ಕಾಳು ಹಾಕುತ್ತೇನೆ. ಹುಟ್ಟಿದ ಮೇಲೆ ಗಟ್ಟಿ ಸಸಿ ಒಂದನ್ನೇ ಉಳಿಸುತ್ತೇನೆ.

ಮೊದಲ ಎರಡು ತಿಂಗಳು ಗಿಡ ಏಳುವುದೇ ಇಲ್ಲ ಅನ್ನಿಸುತ್ತದೆ. ಆಗ ತಾಯಿಬೇರು ಆಳಕ್ಕೆ ಇಳಿಯುತ್ತಿರುತ್ತದೆ. ಕಳೆ ಕೀಳುತ್ತಾ ಇದ್ದರೆ ಸಾಕು. ಒಮ್ಮೆ ಹೆಚ್ಚಿನ ಸಸಿಯೊಂದನ್ನು ಕಿತ್ತು ಬೇರಿನ ಗಂಟನ್ನು ಉಗುರಿನಲ್ಲಿ ಸೀಳಿದೆ. ಒಳಗೆ ಗುಲಾಬಿ ಬಣ್ಣ. ಗಾಳಿಯ ಸಾರಜನಕ ಬೇರಿಗೆ ಸಿಗುತ್ತಿದೆ ಅನ್ನುವುದಕ್ಕೆ ಅದೇ ಗುರುತು, ಹಾಗಾಗಿ ಯೂರಿಯಾ ಹಾಕಲಿಲ್ಲ. ಸುಮಾರು 50 ದಿನಕ್ಕೆ ಕುಡಿ ಚಿವುಟುತ್ತೇನೆ, ಕವಲು ಜಾಸ್ತಿ ಒಡೆಯುತ್ತದೆ.

ಹಳದಿ ಹೂವು ರಾಶಿ ಉದುರುತ್ತದೆ. ಹೆದರಬೇಡಿ, ತೊಗರಿಯ ಸ್ವಭಾವವೇ ಅದು. ನಿಜವಾದ ಶತ್ರು ಕಾಯಿಕೊರಕ ಹುಳು. ಕಾಯಿಯ ಮೇಲೆ ದುಂಡನೆಯ ತೂತು, ಒಳಗೆ ಅರ್ಧ ತಿಂದ ಕಾಳು. ಬೆಳಿಗ್ಗೆ ಬೆಳಿಗ್ಗೆ ಗಿಡ ಅಲುಗಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಬಿದ್ದ ಹುಳುಗಳನ್ನು ಆರಿಸುತ್ತೇನೆ. ಹಸಿ ಕಾಳಿಗೆಂದು ಕೊಯ್ಯುವ ಕಾಯಿಗೆ ವಿಷ ಹೊಡೆಯಲು ನನಗೆ ಮನಸ್ಸಿಲ್ಲ.

ಕೊಯ್ಯುವ ಹೊತ್ತು ಮುಖ್ಯ. ಕಾಳು ಉಬ್ಬಿ ಕಾಯಿಯ ಮೇಲೆ ಓರೆ ಗೆರೆಗಳ ನಡುವೆ ಗುಬುಟು ಎದ್ದಿರಬೇಕು, ಆದರೆ ಹಸಿರು ಮಾಸಿರಬಾರದು. ಹಳದಿಗೆ ತಿರುಗಿತೋ, ಸಿಹಿ ಹೋಗಿ ಕಾಳು ಹಿಟ್ಟು ಹಿಟ್ಟಾಗುತ್ತದೆ. ಎಲ್ಲ ಕಾಯಿಯೂ ಒಟ್ಟಿಗೆ ಬಲಿಯಲ್ಲ, ಅದಕ್ಕೇ ಎರಡು ಮೂರು ದಿನಕ್ಕೊಮ್ಮೆ ಗಿಡ ಸುತ್ತಬೇಕು. ಕಾಯಿಯ ಮೈ ಸ್ವಲ್ಪ ಅಂಟು, ಬಿಡಿಸಿ ಮುಗಿಸುವಷ್ಟರಲ್ಲಿ ಬೆರಳಿಗೆಲ್ಲ ಹಸಿ ವಾಸನೆ ಹತ್ತಿರುತ್ತದೆ. ನನಗೆ ಆ ವಾಸನೆ ತುಂಬಾ ಇಷ್ಟ.

ಕೊಯ್ದ ದಿನವೇ ಬೇಯಿಸುತ್ತೇನೆ. ನೀರು ಕುದಿ ಬಂದ ಮೇಲೆ ಕಾಳು ಹಾಕಿ, ಮುಚ್ಚಳ ತೆರೆದೇ ಇಡುತ್ತೇನೆ, ಇಲ್ಲದಿದ್ದರೆ ನೊರೆ ಉಕ್ಕುತ್ತದೆ. ಎಳೆ ಕಾಳಿಗೆ ಹದಿನೈದು ನಿಮಿಷ ಸಾಕು. ಬೆರಳಲ್ಲಿ ಒತ್ತಿದರೆ ಕಾಳು ಹಿಸುಕಿಹೋಗಬೇಕು, ಕರಗಬಾರದು. ಆಮೇಲೆ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಸೀಳಿದ ಹಸಿಮೆಣಸು ಬಾಡಿಸಿ, ಬೆಂದ ಕಾಳು ಸುರಿದು ಉಪ್ಪು ಹಾಕಿದರೆ ಆಯ್ತು. ಮಸಾಲೆ ಜಾಸ್ತಿಯಾದರೆ ಕಾಳಿನ ಸಿಹಿಯೇ ಗೊತ್ತಾಗಲ್ಲ. ಬೆಂದ ನೀರನ್ನು ಚೆಲ್ಲಬೇಡಿ, ಬಿಸಿಬಿಸಿ ಇರುವಾಗಲೇ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ.