ಬೈಟ್ ಸ್ಟೇಷನ್ ಇಟ್ಟು ಮನೆಯ ಗೆದ್ದಲು ನಿಲ್ಲಿಸಿದ ನನ್ನ ಅನುಭವ

ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಕೊಳವೆ ಕಂಡ ತಕ್ಷಣ ಎಲ್ಲರ ಕೈ ಹೋಗುವುದು ಸ್ಪ್ರೇ ಡಬ್ಬಿಗೆ. ಬೈಟ್, ಅಂದರೆ ಗೆದ್ದಲು ತಿನ್ನಲಿ ಅಂತ ಔಷಧ ಬೆರೆಸಿ ಸ್ಟೇಷನ್ ಅನ್ನುವ ಡಬ್ಬಿಯಲ್ಲಿ ಇಡುವ ಆಹಾರ, ಇಡುವ ಯೋಚನೆ ಇದ್ದರೆ ದಯವಿಟ್ಟು ಆ ಕೆಲಸ ಮಾಡಬೇಡಿ. ನಮ್ಮ ಹಿತ್ತಲ ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹಿಡಿದಾಗ ನಾನು ಕೊಳವೆಯನ್ನು ಒಂದೇ ಕಡೆ, ಬೆರಳಗಲ ಒಡೆದು ನೋಡಿದೆ. ಒಳಗೆ ಹುಳುಗಳು ಓಡಾಡುತ್ತಿದ್ದವು. ಮರುದಿನ ಆ ಜಾಗಕ್ಕೆ ಹಸಿ ಮಣ್ಣು ಮೆತ್ತಿತ್ತು. ದಾರಿ ಇನ್ನೂ ಬಳಕೆಯಲ್ಲಿದೆ ಅನ್ನುವುದಕ್ಕೆ ಅಷ್ಟು ಸಾಕು. ಉಳಿದ ಕೊಳವೆಯನ್ನು ಮುಟ್ಟಲಿಲ್ಲ.

ಏಕೆ ಮುಟ್ಟಬಾರದು ಅಂದರೆ, ನಮ್ಮ ಕಣ್ಣಿಗೆ ಬೀಳುವುದು ಆಹಾರ ಹುಡುಕಿ ಬಂದ ಕೆಲಸಗಾರ ಹುಳುಗಳು ಮಾತ್ರ. ಗೂಡು ಮಣ್ಣಿನೊಳಗಿರುತ್ತದೆ, ರಾಣಿಯೂ ಅಲ್ಲೇ. ಇಲ್ಲಿ ಬಂದವನ್ನು ಸಾಯಿಸಿದರೆ ಉಳಿದವು ಇನ್ನೊಂದು ಮೂಲೆಯಿಂದ ಬರುತ್ತವೆ, ಅಷ್ಟೇ. ಬೈಟ್‌ನ ಕೆಲಸ ಬೇರೆ ರೀತಿ. ಗೆದ್ದಲು ಇಷ್ಟಪಟ್ಟು ತಿನ್ನುವ ಸೆಲ್ಯುಲೋಸ್‌ಗೆ (ಮರ, ಕಾಗದದಲ್ಲಿರುವ ನಾರಿನಂಶ) ಹೆಕ್ಸಾಫ್ಲುಮುರಾನ್, ನೋವಿಫ್ಲುಮುರಾನ್ ಅಥವಾ ಕ್ಲೋರ್‌ಫ್ಲುವಜುರಾನ್‌ನಂಥ ಔಷಧವನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ತಿಂದ ಹುಳು ಅಲ್ಲೇ ಸಾಯುವುದಿಲ್ಲ. ಗೂಡಿಗೆ ಹೋಗಿ ಮರಿಗಳಿಗೆ, ಸೈನಿಕ ಹುಳುಗಳಿಗೆ, ಜೊತೆಯವಕ್ಕೆ ಬಾಯಿಂದ ಬಾಯಿಗೆ ಉಣಿಸುತ್ತದೆ. ಮುಂದೆ ಪೊರೆ ಕಳಚುವ ಸಮಯ ಬಂದಾಗ ಹೊಸ ಹೊರಚರ್ಮ ಸರಿಯಾಗಿ ಕಟ್ಟುವುದಿಲ್ಲ, ಆಗ ಸಾಯುತ್ತದೆ. ಕೆಲಸಗಾರರು ಕಡಿಮೆಯಾದ ಹಾಗೆ ರಾಣಿಗೆ ಉಣಿಸುವವರೂ ಇಲ್ಲದಾಗುತ್ತಾರೆ, ಗೂಡು ಕುಸಿಯುತ್ತದೆ. ಫ್ಲಾರಿಡಾ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ನಾನ್-ಯಾವ್ ಸು ಅವರ ಕೆಲಸದಿಂದ ಇಂಥ ಬೈಟ್ 1995ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ನಿಧಾನವೇ ಇದರ ಶಕ್ತಿ. ತಕ್ಷಣ ಕೊಲ್ಲುವ ವಿಷವಾದರೆ ಸತ್ತ ಹುಳುಗಳು ಬೈಟ್ ಸುತ್ತಲೇ ಬೀಳುತ್ತವೆ, ಉಳಿದವು ಆ ಕಡೆ ಸುಳಿಯುವುದೇ ಇಲ್ಲ.

ನಾನು ಎರಡು ಥರದ ಸ್ಟೇಷನ್ ಬಳಸಿದೆ. ಚೌಕಟ್ಟಿನ ಮೇಲೆ, ಹುಳು ಓಡಾಡುತ್ತಿದ್ದ ಕೊಳವೆಗೆ ತಾಗಿಸಿ ಒಂದು ಡಬ್ಬಿ ಕೂರಿಸಿದೆ, ಒಳಗೆ ನೀರಲ್ಲಿ ನೆನೆಸಿದ ಬೈಟ್. ಹುಳು ಇರುವ ಜಾಗಕ್ಕೇ ಊಟ ಒಯ್ದು ಕೊಟ್ಟಂತೆ, ಕಾಯುವ ಕೆಲಸ ಕಡಿಮೆ. ಇನ್ನೊಂದು ನೆಲದಲ್ಲಿ ಹೂಳುವ ಸ್ಟೇಷನ್. ಇವನ್ನು ಗೋಡೆಯಿಂದ ಸುಮಾರು ಅರ್ಧ ಮೀಟರ್ ದೂರದಲ್ಲಿ, ಒಂದರಿಂದ ಇನ್ನೊಂದಕ್ಕೆ 3 ಮೀಟರ್ ಮೀರದ ಹಾಗೆ ಮನೆಯ ಸುತ್ತ ಇಟ್ಟೆ. ಇಲ್ಲಿ ಜಿಪುಣತನ ಬೇಡ. ಬೈಟ್ ದೂರದಿಂದ ಗೆದ್ದಲನ್ನು ಸೆಳೆಯುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗೇನಿಲ್ಲ, ಅವು ಮಣ್ಣಿನಲ್ಲಿ ಸುರಂಗ ಕೊರೆಯುತ್ತಾ ಆಹಾರ ಹುಡುಕುವಾಗ ಸ್ಟೇಷನ್‌ಗೆ ತಗುಲಬೇಕು, ಅದಕ್ಕೇ ನಡುವೆ ಜಾಸ್ತಿ ಅಂತರ ಬಿಡಬಾರದು. ಬಚ್ಚಲ ನೀರು ಹೋಗುವ ಕಡೆ, ನಲ್ಲಿಯ ಹತ್ತಿರ, ಹಳೇ ಮರದ ಬೊಡ್ಡೆಯ ಪಕ್ಕ ಇನ್ನೂ ಒತ್ತಾಗಿ ಇಟ್ಟೆ. ಗುಂಡಿ ಸ್ಟೇಷನ್ನಿನ ಅಳತೆಗೆ ಸರಿಯಾಗಿರಬೇಕು, ಮಣ್ಣು ಸುತ್ತ ಬಿಗಿಯಾಗಿ ತಾಗಬೇಕು. ಸಂದು ಉಳಿದರೆ ಹುಳು ಸುತ್ತು ಹಾಕಿಕೊಂಡು ಹೋಗಿಬಿಡಬಹುದು. ನೀರು ನಿಲ್ಲುವ ಜಾಗ ಬೇಡ. ಮೊದಲೇ ಗೆದ್ದಲಿನ ಔಷಧ ಸುರಿದ ಮಣ್ಣೂ ಬೇಡ, ಗೆದ್ದಲು ಹತ್ತಿರ ಬರುವುದಿಲ್ಲ. ಪ್ರತಿಯೊಂದಕ್ಕೂ ನಂಬರ್ ಹಾಕಿ ಮನೆಯ ನಕ್ಷೆಯಲ್ಲಿ ಗುರುತು ಮಾಡಿಕೊಂಡೆ. ಹುಲ್ಲು ಬೆಳೆದ ಮೇಲೆ ಮುಚ್ಚಳ ಹುಡುಕುವುದು ಕಷ್ಟ. ಗೋಡೆಗೆ ಒರಗಿಸಿದ್ದ ಮರದ ತುಂಡು, ರಟ್ಟಿನ ಪೆಟ್ಟಿಗೆ ಎಲ್ಲ ತೆಗೆದೆ.

ಆಮೇಲೆ ತಿಂಗಳಿಗೊಮ್ಮೆ ನೋಡುವುದು. ಮುಚ್ಚಳ ನಿಧಾನ ತೆಗೆಯಿರಿ, ನೋಡಿ, ಮುಚ್ಚಿ. ಪದೇ ಪದೇ ಕೆದಕಿದರೆ ಜಾಗ ಬಿಟ್ಟು ಹೋಗುತ್ತವೆ. ಕೆಲವು ಸ್ಟೇಷನ್‌ಗಳಲ್ಲಿ ಇರುವೆ ಸೇರಿಕೊಂಡಿದ್ದವು. ಅವನ್ನು ಕೊಡವಿ ತೆಗೆದೆ, ಕೀಟನಾಶಕ ಹೊಡೆಯಲಿಲ್ಲ, ಏಕೆಂದರೆ ಅದರ ವಾಸನೆ ತಾಗಿದ ಬೈಟ್ ಗೆದ್ದಲಿಗೆ ಬೇಡವಾಗುತ್ತದೆ. ಬೈಟ್ ಪೂರ್ತಿ ಖಾಲಿಯಾಗಲು ಬಿಡದೆ ಮೊದಲೇ ಹೊಸದು ಹಾಕುತ್ತಿದ್ದೆ. ಊಟ ನಿಂತರೆ ಅವು ಮತ್ತೆ ಮನೆಯ ಮರ ಹುಡುಕುತ್ತವೆ ಅಲ್ವಾ?

ಕಷ್ಟದ ಭಾಗ ಇದೇ: ಚೌಕಟ್ಟಿನ ಹತ್ತಿರ ಹುಳು ಇನ್ನೂ ಓಡಾಡುತ್ತಿರುವುದನ್ನು ನೋಡಿಯೂ ಸುಮ್ನೆ ಇರಬೇಕು. ಮನೆಯವರು ಕೇಳುತ್ತಾರೆ, ಬಂದವರೂ ಕೇಳುತ್ತಾರೆ. ಆದರೆ ಬದಲಾವಣೆ ಕಾಣಲು ಶುರುವಾದರೆ ಸ್ಪಷ್ಟವಾಗಿಯೇ ಕಾಣುತ್ತದೆ. ಹುಳುಗಳ ಓಟ ಮಂದವಾಯಿತು, ಮೈ ಬಣ್ಣ ಸುಣ್ಣದಂತೆ ಬಿಳಿಯಾಯಿತು. ಕೆಲಸಗಾರರು ಸಾಯುತ್ತಾ ಬಂದ ಕಾರಣ ದೊಡ್ಡ ದವಡೆಯ ಸೈನಿಕರೇ ಜಾಸ್ತಿ ಕಾಣತೊಡಗಿದರು. ಕೆಲವು ತಿಂಗಳಲ್ಲಿ ಡಬ್ಬಿಯಲ್ಲಿ ಒಂದು ಹುಳುವೂ ಇಲ್ಲ. ಕೊಳವೆ ಒಡೆದು ನೋಡಿದೆ, ಈ ಸಲ ಯಾರೂ ಮಣ್ಣು ಮೆತ್ತಲಿಲ್ಲ. ಆಮೇಲೇ ಬಡಗಿಯನ್ನು ಕರೆಸಿ ಚೌಕಟ್ಟು ರಿಪೇರಿ ಮಾಡಿಸಿದ್ದು.

ಇದು ಎಲ್ಲ ಗೆದ್ದಲಿಗೂ ನಡೆಯುವುದಿಲ್ಲ ಅನ್ನುವುದನ್ನು ಹೇಳಲೇಬೇಕು. ಒಣ ಮರದೊಳಗೇ ಗೂಡು ಮಾಡುವ ಜಾತಿ ಮಣ್ಣಿಗೆ ಇಳಿಯುವುದೇ ಇಲ್ಲ, ನೆಲದ ಸ್ಟೇಷನ್ ಅದಕ್ಕೆ ಉಪಯೋಗವಿಲ್ಲ. ಗೂಡಿನೊಳಗೆ ಶಿಲೀಂಧ್ರ ಬೆಳೆಸುವ, ಹುತ್ತ ಕಟ್ಟುವ ಜಾತಿಗಳಲ್ಲಿ ಬೆಳೆದ ಕೆಲಸಗಾರ ಹುಳು ಮತ್ತೆ ಪೊರೆ ಕಳಚುವುದಿಲ್ಲ, ಹಾಗಾಗಿ ಈ ಔಷಧಗಳು ಅವುಗಳ ಮೇಲೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಯಾವ ಜಾತಿ ಅಂತ ಗೊತ್ತಿಲ್ಲದಿದ್ದರೆ ಕೆಲವು ಸೈನಿಕ ಹುಳುಗಳನ್ನು ಸ್ಪಿರಿಟ್‌ನಲ್ಲಿ ಹಾಕಿ ಕೀಟ ಬಲ್ಲವರಿಗೆ ತೋರಿಸಿ, ಆಮೇಲೆ ಹಣ ಹಾಕಿ. ತೊಲೆ, ಜಂತಿಯೇ ಟೊಳ್ಳಾಗಿದ್ದರೆ ಬೈಟ್ ನಂಬಿ ಕಾಯಬೇಡಿ, ಮೊದಲು ಆ ಭಾಗಕ್ಕೆ ಆಸರೆ ಕೊಡಿಸಿ.

ಗೆದ್ದಲು ಹೋದ ಮೇಲೂ ನೆಲದ ಸ್ಟೇಷನ್‌ಗಳನ್ನು ನಾನು ಕಿತ್ತಿಲ್ಲ. ಬೈಟ್ ಮಣ್ಣಿಗೆ ಇಂಗಿ ಹೊಸ ಗೂಡನ್ನು ತಡೆಯುವ ಔಷಧವಲ್ಲ, ಮಳೆ ಬಿದ್ದ ಸಂಜೆ ಈಸಲು ಹುಳು ಎದ್ದರೆ ಎಲ್ಲೋ ಹತ್ತಿರದಲ್ಲಿ ಹೊಸ ಜೋಡಿ ಮಣ್ಣು ಹೊಕ್ಕಬಹುದು. ಈಗ ಅಷ್ಟು ಬೇಗ ಬೇಗ ನೋಡುವುದಿಲ್ಲ, ಮಳೆಗಾಲಕ್ಕೆ ಮುಂಚೆ ಒಂದು ಸುತ್ತು, ಮಳೆ ಮುಗಿದ ಮೇಲೆ ಒಂದು ಸುತ್ತು, ನಡುವೆ ಬಚ್ಚಲ ಕಡೆಯವನ್ನು ಮಾತ್ರ ಇನ್ನೊಂದು ಸಲ.