ಸಿಇಟಿ ರ್‍ಯಾಂಕಿನ ಲೆಕ್ಕ ಇಲ್ಲಿ ನಡೆಯೂದಿಲ್ರಿ: ಅಮೆರಿಕದ ಹೈಸ್ಕೂಲ್ ಸ್ಪರ್ಧೆಗಳು

ವಿಜಯಪುರ, ಬಾಗಲಕೋಟೆ ಕಡೆಯಿಂದ ಅಮೆರಿಕಕ್ಕೆ ಬಂದ ಪಾಲಕರು ಮೊದಲು ಕೇಳುವುದು ಇದನ್ನೇ: "ಇದರಾಗ ರ್‍ಯಾಂಕ್ ಬಂದ್ರ ಸೀಟು ಸಿಗ್ತದೇನ್ರಿ?" ಸಿಗುವುದಿಲ್ಲ. ಕಾಲೇಜಿನವರು ಅರ್ಜಿಯನ್ನು ಇಡಿಯಾಗಿ ಓದುತ್ತಾರೆ, ಸ್ಪರ್ಧೆ ಅದರಲ್ಲೊಂದು ಸಾಲು. ಹೆಸರು ನೋಡಿ ಆರಿಸುವ ಬದಲು, ಯಾರೂ ಹೇಳದಿದ್ದಾಗ ಮಗು ಏನು ಮಾಡುತ್ತದೆ ಎಂಬುದನ್ನು ಗಮನಿಸಿ.

ಒಬ್ಬನೇ ಕೂತು ಲೆಕ್ಕ ಬಿಡಿಸುವವನಿಗೆ ಎಎಂಸಿ, ಅಂದರೆ ಅಮೆರಿಕನ್ ಗಣಿತ ಸ್ಪರ್ಧೆ. ಹತ್ತನೆಯವರೆಗೆ ಎಎಂಸಿ 10, ನಮ್ಮ ಪಿಯುಸಿ ವಯಸ್ಸಿನವರಿಗೆ ಎಎಂಸಿ 12. ನವೆಂಬರಿನಲ್ಲಿ ನಡೆಯುತ್ತದೆ, 75 ನಿಮಿಷ, 25 ಪ್ರಶ್ನೆ. ಸರಿಯುತ್ತರಕ್ಕೆ 6 ಅಂಕ, ತಪ್ಪಿಗೆ ಸೊನ್ನೆ, ಖಾಲಿ ಬಿಟ್ಟರೆ 1.5. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ "ಏನರೆ ಒಂದು ತುಂಬಿ ಬಾ" ಎಂದು ಹೇಳಿ ಕಳಿಸುವ ರೂಢಿ ನಮಗೆ. ಇಲ್ಲಿ ಅದು ಲುಕ್ಸಾನು: ಐದು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ತುಂಬಿದರೆ ಸರಾಸರಿ ದಕ್ಕುವುದು 1.2. ಎರಡು ಆಯ್ಕೆ ತಪ್ಪೆಂದು ಖಾತ್ರಿಯಾದ ಮೇಲೆ ಊಹಿಸಲಿ. ಇದರಲ್ಲಿ ಮೇಲೆ ಬಂದವರಿಗೆ ಮುಂದಿನ ಸುತ್ತು ಎಐಎಂಇ: 3 ಗಂಟೆ, 15 ಪ್ರಶ್ನೆ, ಆಯ್ಕೆಗಳೇ ಇಲ್ಲ.

ಕೋಡಿಂಗ್ ಹುಚ್ಚಿದ್ದರೆ ಯುಎಸ್‌ಎಸಿಒ, ಅಂದರೆ ಅಮೆರಿಕದ ಕಂಪ್ಯೂಟಿಂಗ್ ಒಲಿಂಪಿಯಾಡ್. ಉಚಿತ, ಮನೆಯಿಂದಲೇ ಬರೆಯಬಹುದು. ಬ್ರಾಂಜ್‌ನಿಂದ ಪ್ಲಾಟಿನಂವರೆಗೆ ನಾಲ್ಕು ಮೆಟ್ಟಿಲು. ಶಾಲೆಯಲ್ಲಿ ಯಾವ ಕ್ಲಬ್ಬೂ ಇಲ್ಲದ ಊರಿನವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಸೈನ್ಸ್ ಒಲಿಂಪಿಯಾಡ್‌ಗೆ 15 ಜನರವರೆಗಿನ ಶಾಲಾ ತಂಡ ಬೇಕು. ನಮ್ಮ ಕಡೆಯ ಒಲಿಂಪಿಯಾಡ್ ಪರೀಕ್ಷೆಯಂತೆ ಒಬ್ಬರೇ ಹೋಗಿ ಬರೆಯುವಂಥದ್ದಲ್ಲ. ರೋಬೋ ಕಟ್ಟಿ ಆಡಿಸುವ ಫಸ್ಟ್ ರೊಬಾಟಿಕ್ಸ್ ಕೂಡ ತಂಡದ್ದೇ. ಜನವರಿಯಲ್ಲಿ ಆ ವರ್ಷದ ಆಟ ಪ್ರಕಟವಾದರೆ ಮುಗೀತು, ಸಂಜೆಗಳೆಲ್ಲ ವರ್ಕ್‌ಶಾಪಿನಲ್ಲಿ, ನೀವು ಪಾರ್ಕಿಂಗ್‌ನಲ್ಲಿ. ನೋಂದಣಿಗೇ ತಂಡಕ್ಕೆ ಸಾವಿರಾರು ಡಾಲರ್, ಪ್ರಾಯೋಜಕರನ್ನು ಹುಡುಕುವುದೂ ಮಕ್ಕಳ ಕೆಲಸ. ಮಾತನಾಡಲು ಹಿಂಜರಿಯುವ ಮಗುವನ್ನು ನಾನಾದರೆ ಇದಕ್ಕೇ ಸೇರಿಸುತ್ತೇನೆ.

ಸಂಶೋಧನೆಗೆ ಐಸೆಫ್, ಅಂದರೆ ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳ. ನೇರ ಪ್ರವೇಶವಿಲ್ಲ, ಅದಕ್ಕೆ ಸೇರಿದ ಸ್ಥಳೀಯ ವಿಜ್ಞಾನ ಮೇಳದಲ್ಲಿ ಗೆದ್ದು ಬರಬೇಕು. ಎಡವಟ್ಟಾಗುವುದು ಕಾಗದಪತ್ರದಲ್ಲಿ. ರಜೆಗೆ ಊರಿಗೆ ಹೋದಾಗ ಇಳಕಲ್ ನೇಕಾರರ ಬೆನ್ನುನೋವಿನ ಸಮೀಕ್ಷೆ ಮಾಡೋಣ ಎಂಬ ವಿಚಾರ ಚೆಂದವೇ. ಆದರೆ ಮನುಷ್ಯರ ಮೇಲಿನ ಇಂಥ ಅಧ್ಯಯನಕ್ಕೆ ಪರಿಶೀಲನಾ ಸಮಿತಿಯ ಒಪ್ಪಿಗೆ ಮೊದಲೇ ಕೈಯಲ್ಲಿರಬೇಕು. ಮರಳಿ ಬಂದು ಸಹಿ ಹಾಕಿಸಿದರೆ ಒಪ್ಪುವುದಿಲ್ಲ. ಆಲಮಟ್ಟಿ ಜಲಾಶಯದ ಪ್ರಕಟಿತ ನೀರಿನ ಮಟ್ಟಗಳನ್ನು ಹಿಡಿದು ಕೂತರೆ ಆ ಸಮಿತಿಯ ತಂಟೆಯಿಲ್ಲ, ಯೋಜನೆಯ ಫಾರಂ ಮಾತ್ರ ಶುರುವಿಗೆ ಮುನ್ನ ತುಂಬಿಡಿ.