ಪಾಸ್‌ಪೋರ್ಟ್ ಕಾಪಿ ಕಳಿಸುವ ಮುಂಚೆ: ಈಗಷ್ಟೇ ಬಂದಿಳಿದವರಿಗೆ

ಹೊಸ ದೇಶಕ್ಕೆ ಬಂದ ಮೊದಲ ಮೂರು ತಿಂಗಳಲ್ಲಿ ಎಷ್ಟು ಜನರಿಗೆ ಪಾಸ್‌ಪೋರ್ಟ್ ಕಾಪಿ ಕಳಿಸಿದ್ದೀರಿ, ಒಮ್ಮೆ ಎಣಿಸಿ ನೋಡಿ. ಮನೆ ತೋರಿಸಿದ ಏಜೆಂಟು, ಸಿಮ್ ಕೊಟ್ಟವರು, ಬ್ಯಾಂಕು, ಆಫೀಸಿನ ಎಚ್‌ಆರ್, ಮಕ್ಕಳ ಶಾಲೆ. ಎಲ್ಲವೂ ಅವಸರದಲ್ಲಿ, ಕೇಳಿದ ತಕ್ಷಣ. ಹ್ಯಾಕರ್‌ಗಳ ಬಗ್ಗೆ ಎಲ್ಲರೂ ಹೆದರಿಸುತ್ತಾರೆ, ಆದರೆ ನಾನು ಕಂಡ ಮಟ್ಟಿಗೆ ಹೊಸಬರ ಮಾಹಿತಿ ಹೆಚ್ಚಾಗಿ ಸೋರುವುದು ಅವರ ಕೈಯಿಂದಲೇ.

ನನ್ನ ಕೈಯಿಂದಲೂ ಸೋರಿದೆ. ಬಂದ ಎರಡನೇ ವಾರ ಆನ್‌ಲೈನ್‌ನಲ್ಲಿ ಒಂದು ಮನೆ ಕಣ್ಣಿಗೆ ಬಿತ್ತು. ಫೋಟೊ ಚೆನ್ನಾಗಿತ್ತು, ಬಾಡಿಗೆಯೂ ಕಮ್ಮಿ. ಮಾಲೀಕ ತಾನು ಊರಲ್ಲಿಲ್ಲ, ಕೀ ಕೊರಿಯರ್ ಮಾಡುತ್ತೇನೆ, ಮೊದಲು ಪಾಸ್‌ಪೋರ್ಟು, ವೀಸಾ, ಸಂಬಳದ ಚೀಟಿ ಕಳಿಸಿ ಅಂದ. ಕಳಿಸಿಬಿಟ್ಟೆ. ಮನೆ ನೋಡುವ ಮೊದಲೇ ಅಡ್ವಾನ್ಸ್ ಕೇಳಿದಾಗ ಅನುಮಾನ ಬಂತು, ದುಡ್ಡು ಉಳಿಯಿತು. ಕಾಗದ ಮಾತ್ರ ಹೋಗಿಯಾಗಿತ್ತು. ಆರು ತಿಂಗಳಾದ ಮೇಲೆ, ನಾನು ತೆಗೆದುಕೊಳ್ಳದ ಮೊಬೈಲ್ ಕನೆಕ್ಷನ್ನಿಗೆ ನನ್ನ ಹೆಸರಲ್ಲಿ ಬಿಲ್ ಬಂತು. ಇದು ನನ್ನದಲ್ಲ ಅಂತ ದೂರು ಕೊಡಲು ಹೋದರೆ ಅವರು ಮೊದಲು ಕೇಳಿದ್ದೇನು ಗೊತ್ತೇ? ಪಾಸ್‌ಪೋರ್ಟ್ ಕಾಪಿ!

ಆಮೇಲೆ ಕಲಿತದ್ದು ಇಷ್ಟು. ಮನೆಯನ್ನು ಕಣ್ಣಾರೆ ನೋಡುವ ತನಕ ಯಾವ ಕಾಗದವನ್ನೂ ಕೊಡಬೇಡಿ. ತೋರಿಸಿದರೆ ಸಾಕು ಅನ್ನುವ ಕಡೆ ತೋರಿಸಿ, ಕಾಪಿ ಬಿಟ್ಟು ಬರಬೇಡಿ. ಕಳಿಸಲೇಬೇಕಾದರೆ ಜೆರಾಕ್ಸ್ ಪ್ರತಿಯ ಮೇಲೆ ಅಡ್ಡಲಾಗಿ, ಫೋಟೊ ಮತ್ತು ಅಕ್ಷರಗಳನ್ನು ಹಾಯ್ದು ಹೋಗುವಂತೆ, ಅಲ್ಲಿನವರಿಗೆ ಅರ್ಥವಾಗುವ ಭಾಷೆಯಲ್ಲಿ "ಇಂಥ ವಿಳಾಸದ ಮನೆ ಬಾಡಿಗೆಗೆ ಮಾತ್ರ" ಅಂತ ಬರೆದು ತಾರೀಖು ಹಾಕಿ, ಅದನ್ನೇ ಸ್ಕ್ಯಾನ್ ಮಾಡಿ. ಅದನ್ನು ಬೇರೆ ಕಡೆ ಬಳಸುವುದು ಕಷ್ಟ. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಬಾಣದ ಗುರುತು ತುಂಬಿದ ಎರಡು ಸಾಲು ಇರುತ್ತದಲ್ಲ, ಒಂದೊಂದರಲ್ಲೂ 44 ಅಕ್ಷರ, ಅದು ಅಲಂಕಾರಕ್ಕಲ್ಲ. ಹೆಸರು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ದಿನ, ಅವಧಿ ಎಲ್ಲ ಅಲ್ಲಿದೆ. ಮೇಲಿನ ನಂಬರಿಗೆ ಮಸಿ ಬಳಿದು ಈ ಸಾಲುಗಳನ್ನು ಹಾಗೇ ಬಿಟ್ಟವರನ್ನು ಎಷ್ಟೋ ಸಲ ನೋಡಿದ್ದೇನೆ. ಫೋನಿನಲ್ಲಿ ಹೈಲೈಟರ್ ಹಿಡಿದು ಕಪ್ಪು ತೀಡುವುದೂ ಬೇಡ. ಆ ಬಣ್ಣ ಪಾರದರ್ಶಕ, ಚಿತ್ರದ ಬೆಳಕು ಏರಿಸಿದರೆ ಅಡಿಯ ಅಂಕಿ ಮೇಲೆದ್ದು ಕಾಣಬಹುದು. ಕಾಗದದ ಮೇಲೆಯೇ ಮುಚ್ಚಿ ಸ್ಕ್ಯಾನ್ ಮಾಡುವುದು ವಾಸಿ.

"ಇದು ಯಾಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ?" ಅಂತ ಕೇಳಲು ನಮಗೆ ಸಂಕೋಚ. ಕೇಳಿ. ಯುರೋಪ್ ಒಕ್ಕೂಟದಲ್ಲಿದ್ದರಂತೂ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ನಿಮ್ಮ ಬೆನ್ನಿಗಿದೆ. "ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ?" ಅಂತ ನೀವು ಕೇಳಿದರೆ ಅವರು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು.

ಹಳೇ ಸಿಮ್ ವಿಚಾರ. ಹೊಸ ನಂಬರ್ ಬಂದ ಖುಷಿಯಲ್ಲಿ ಭಾರತದ ನಂಬರಿಗೆ ರೀಚಾರ್ಜ್ ಮಾಡುವುದನ್ನೇ ಮರೆಯುತ್ತೇವೆ. ಬ್ಯಾಂಕ್, ಮೇಲ್, ಎಲ್ಲದರ ಒಟಿಪಿ ಬರುವುದು ಮಾತ್ರ ಅದಕ್ಕೇ. ಕನೆಕ್ಷನ್ ಕಡಿದ ಮೇಲೆ ಅಲ್ಲಿ ಆ ನಂಬರನ್ನು 90 ದಿನ ಯಾರಿಗೂ ಕೊಡುವುದಿಲ್ಲ, ಆಮೇಲೆ ಬೇರೆಯವರ ಪಾಲು. ನಿಮ್ಮ ಒಟಿಪಿ ಅವರ ಫೋನಿನಲ್ಲಿ ಟಿಂಗ್ ಅನ್ನುತ್ತದೆ. ಹಾಗಾಗಿ ಸಿಮ್ ಜೀವಂತ ಇಟ್ಟುಕೊಳ್ಳಿ, ಇಲ್ಲವೇ ಬಿಡುವ ಮೊದಲೇ ಒಂದೊಂದು ಖಾತೆಯಲ್ಲೂ ನಂಬರ್ ಬದಲಿಸಿ. ಆಗುವ ಕಡೆ ಒಟಿಪಿ ಬದಲು, ಫೋನಿನಲ್ಲೇ ಲಾಗಿನ್ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಆ್ಯಪ್ ಇಲ್ಲದಾಗಲೂ ಒಳಹೋಗಲು ಆ ಖಾತೆ ಕೊಡುವ ರಿಕವರಿ ಕೋಡನ್ನು ಕಾಗದದಲ್ಲಿ ಬರೆದಿಡಿ, ಫೋನಿನಲ್ಲಿ ಅಲ್ಲ. ಫೋನೇ ಕಳೆದರೆ?

ಪಾಸ್‌ವರ್ಡ್ ಬಗ್ಗೆ ಉದ್ದ ಕೊರೆಯುವುದಿಲ್ಲ: ಉದ್ದ ಇರಲಿ, ಒಂದನ್ನೇ ಎರಡು ಕಡೆ ಇಡಬೇಡಿ.

ಇನ್ನು ನಮ್ಮವರ ವಾಟ್ಸ್ಯಾಪ್ ಗುಂಪುಗಳು. ನಾನೂ ನಾಲ್ಕರಲ್ಲಿದ್ದೇನೆ, ಕಷ್ಟಕಾಲಕ್ಕೆ ಆಗಿಬಂದಿವೆ. ಆದರೆ "ಪರಿಚಯ ಮಾಡಿಕೊಳ್ಳಿ" ಅಂದ ಕೂಡಲೇ ಹುಟ್ಟಿದ ದಿನ, ಬಡಾವಣೆ, ಆಫೀಸು ಎಲ್ಲ ಹಾಕಿಬಿಡುತ್ತೇವೆ. ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ 2000ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಪಿನ್‌ಕೋಡ್, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ ಅನ್ನುವುದು, ಈ ಮೂರೇ ಸಾಕು, ಅಲ್ಲಿನ ನೂರರಲ್ಲಿ 87 ಜನ ಇಂಥವರೇ ಅಂತ ಹೇಳಲು. ಹೆಸರೂ ಬೇಕಿಲ್ಲ. "ನಾಳೆಯಿಂದ ಮೂರು ವಾರ ನಾವಿರುವುದಿಲ್ಲ" ಅನ್ನುವ ಸಂದೇಶ ಇನ್ನೂರು ಅಪರಿಚಿತರಿಗೆ ನಿಮ್ಮ ಮನೆ ಖಾಲಿ ಅಂತ ಸಾರಿದ ಹಾಗೆ. ಬೋರ್ಡಿಂಗ್ ಪಾಸ್ ಫೋಟೊ ಕೂಡ ಹಾಗೇ. ಅದರ ಆರಕ್ಷರದ ಪಿಎನ್‌ಆರ್ (ಬುಕಿಂಗ್ ಗುರುತು) ಮತ್ತು ಮನೆತನದ ಹೆಸರು ಗೊತ್ತಾದರೆ ಎಷ್ಟೋ ಏರ್‌ಲೈನ್‌ಗಳಲ್ಲಿ ನಿಮ್ಮ ಟಿಕೆಟ್ ಯಾರು ಬೇಕಾದರೂ ತೆರೆಯಬಹುದು.

ಹೀಗೆ ಚೆಲ್ಲಿದ ಚೂರುಗಳೆಲ್ಲ ಒಂದು ದಿನ ಫೋನ್ ಕರೆಯಾಗಿ ವಾಪಸ್ ಬರುತ್ತವೆ. "ಇಮಿಗ್ರೇಶನ್ ಆಫೀಸಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ವೀಸಾದಲ್ಲಿ ತಪ್ಪಿದೆ, ಇವತ್ತೇ ದಂಡ ಕಟ್ಟಬೇಕು." ನಿಮ್ಮ ಹೆಸರು, ವೀಸಾ ಬಗೆ, ಆಫೀಸು ಎಲ್ಲ ಸರಿಯಾಗಿ ಹೇಳುತ್ತಾರೆ, ಎದೆ ಧಸಕ್ಕೆನ್ನುತ್ತದೆ. ಪರದೆಯ ಮೇಲೆ ಸರ್ಕಾರಿ ನಂಬರೇ ಕಂಡರೂ ನಂಬಬೇಡಿ, ಕಾಣುವ ನಂಬರನ್ನು ಬದಲಿಸುವುದು ಸುಲಭ. ಒಂದು ಮಾತೂ ಆಡದೆ ಇಟ್ಟುಬಿಡಿ. ವೀಸಾ ಪತ್ರದಲ್ಲಿರುವ ನಂಬರಿಗೆ ನೀವೇ ಮಾಡಿ. ನಿಜವೇ ಆಗಿದ್ದರೆ ನಿಮ್ಮ ಫೈಲು ಅಲ್ಲೇ ಇರುತ್ತದೆ, ಎಲ್ಲೂ ಓಡಿಹೋಗುವುದಿಲ್ಲ.

ಇವತ್ತು ರಾತ್ರಿ ಹತ್ತು ನಿಮಿಷ ಬಿಡುವಾದರೆ ನಿಮ್ಮ ಮೇಲ್ ತೆರೆದು 'ಪಾಸ್‌ಪೋರ್ಟ್' ಅಂತ ಹುಡುಕಿ, ಇಂಗ್ಲಿಷಿನಲ್ಲಿ ಬರೆದೇ ಹುಡುಕಿ. ಖಾತೆ ಕದ್ದವನೂ ಮೊದಲು ಹುಡುಕುವುದು ಅದನ್ನೇ. ನಾನು ಹುಡುಕಿದಾಗ ಮೂವತ್ತೊಂದು ಸಿಕ್ಕವು. ಅದರಲ್ಲಿ ನಾಲ್ಕು ನನ್ನವಲ್ಲ, ಪ್ರಿಂಟ್ ತೆಗೆದುಕೊಡು ಅಂತ ಹಳೇ ರೂಮ್‌ಮೇಟ್ ಯಾವತ್ತೋ ಕಳಿಸಿದ್ದು.